ಜನಗಣತಿಯೋ ಚರ್ಚಿನ ರಿಜಿಸ್ಟರೋ: ಇಂಗ್ಲೆಂಡಿನ ಕುಟುಂಬವೊಂದರ ಬೇರು ಹುಡುಕುವವರು ಎಲ್ಲಿಂದ ಶುರು ಮಾಡಬೇಕು?

ಕೆಜಿಎಫ್‌ನ ಹಳೆಯ ಸ್ಮಶಾನದಲ್ಲಿರುವ ಒಂದು ಗೋರಿಗಲ್ಲಿನ ಫೋಟೊವನ್ನು ಗೆಳತಿಯೊಬ್ಬಳು ನನಗೆ ಕಳುಹಿಸಿದ್ದಳು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬದ ಹೆಣ್ಣುಮಗಳು ಅವಳು. ಕಲ್ಲಿನ ಮೇಲಿರುವುದು ಅವಳ ಮುತ್ತಜ್ಜನ ಹೆಸರು. ಇಲ್ಲಿ ಅವನನ್ನು ವಿಲಿಯಂ ಎಂದಷ್ಟೇ ಕರೆಯುತ್ತೇನೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಕ್ಯಾಂಬೋರ್ನ್ ಊರಿನವನು, 1894ರಲ್ಲಿ 38ನೇ ವಯಸ್ಸಿಗೆ ತೀರಿಕೊಂಡ. ಕಲ್ಲು ಹೇಳುವುದು ಅಷ್ಟೇ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ, ತಾಮ್ರ ಮತ್ತು ತವರದ ಗಣಿಗಳಲ್ಲಿ ಪಳಗಿದ್ದ ಕಾರ್ನ್‌ವಾಲ್‌ನ ಕೆಲಸಗಾರರು ಇಲ್ಲಿಗೆ ಬಂದರು. ಅವರಲ್ಲಿ ಅವನೂ ಒಬ್ಬ. ಅವನ ಹಿಂದಿನವರು ಯಾರು ಎಂಬುದು ಗೆಳತಿಯ ಪ್ರಶ್ನೆ.

ಇಂಥ ಪ್ರಶ್ನೆ ಹಿಡಿದು ಹೊರಟವರ ಎದುರು ಎರಡು ದೊಡ್ಡ ಬಾಗಿಲುಗಳಿವೆ. ಒಂದು, ಇಂಗ್ಲೆಂಡಿನ ಸರ್ಕಾರ ಹತ್ತು ವರ್ಷಕ್ಕೊಮ್ಮೆ ನಡೆಸಿದ ಜನಗಣತಿ. ಇನ್ನೊಂದು, ಊರೂರಿನ ಚರ್ಚುಗಳು ಬರೆದಿಟ್ಟ ಪ್ಯಾರಿಷ್ ರಿಜಿಸ್ಟರ್; ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ನಡುವೆ ಒಂದು ಸೇತುವೆಯೂ ಇದೆ: 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರಂಭವಾದ ಜನನ, ಮರಣ, ವಿವಾಹ ನೋಂದಣಿ. ಹೊಸಬರಲ್ಲಿ ಹೆಚ್ಚಿನವರು ಪ್ಯಾರಿಷ್ ರಿಜಿಸ್ಟರಿಗೇ ಮೊದಲು ಕೈ ಹಾಕುತ್ತಾರೆ. ಹಳೆಯದು, 1538ರಷ್ಟು ಹಿಂದಕ್ಕೆ ಹೋಗುತ್ತದೆ ಎಂಬ ಆಕರ್ಷಣೆ ಅದಕ್ಕಿದೆ. ನಾನೂ ಹಾಗೆಯೇ ಮಾಡಿದೆ. ಬೇರೆ ಯಾರದೋ ವಂಶವನ್ನು ನಾಲ್ಕು ತಿಂಗಳು ಹಿಂಬಾಲಿಸಿದ ಮೇಲೆ ತಪ್ಪು ಗೊತ್ತಾಯಿತು. ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕೈಯಲ್ಲಿರುವ ವ್ಯಕ್ತಿ 1841ರಿಂದ 1921ರ ನಡುವೆ ಇಂಗ್ಲೆಂಡಿನಲ್ಲಿ ಬದುಕಿದ್ದರೆ ಜನಗಣತಿಯಿಂದಲೇ ಶುರು ಮಾಡಿ. ಒಂದು ಊರಿನ ಹೆಸರು ಮತ್ತು ಒಂದು ಅಂದಾಜು ವರ್ಷ ಕೈಗೆ ಸಿಗುವವರೆಗೆ ಪ್ಯಾರಿಷ್ ರಿಜಿಸ್ಟರನ್ನು ತೆರೆಯಬೇಡಿ.

ಕಾರಣ ಸರಳ. ಈ ಎರಡು ದಾಖಲೆಗಳು ಹುಟ್ಟಿದ ಉದ್ದೇಶವೇ ಬೇರೆ. ಇಂಥ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಇದ್ದರು ಎಂದು ಗಣತಿದಾರ ಕೇಳಿದ. ಇಂಥ ದಿನ ಯಾವ ವಿಧಿ ನಡೆಸಿದೆ ಎಂದು ಪಾದ್ರಿ ಬರೆದುಕೊಂಡ. ಮೊದಲನೆಯದರಲ್ಲಿ ಇಡೀ ಸಂಸಾರ ಒಟ್ಟಿಗೆ ಕಾಣುತ್ತದೆ. ಎರಡನೆಯದರಲ್ಲಿ ಒಬ್ಬೊಬ್ಬರೇ ಬಂದು, ಒಂದು ಸಾಲಿನಲ್ಲಿ ಹೆಸರು ಬಿಟ್ಟು ಹೋಗುತ್ತಾರೆ. ಜನರನ್ನು ಗುರುತಿಸುವುದು ಗುಂಪಿನಲ್ಲಿ ಸುಲಭ, ಒಂಟಿ ಹೆಸರಿನಲ್ಲಿ ಕಷ್ಟ.

ಗಣತಿಯ ರಾತ್ರಿ

1801ರಿಂದಲೇ ಗಣತಿ ನಡೆದರೂ ಮೊದಲ ನಾಲ್ಕು ಗಣತಿಗಳು ಬಹುಮಟ್ಟಿಗೆ ತಲೆಯೆಣಿಕೆ ಮಾತ್ರ. ಹೆಸರುಗಳು ಉಳಿದಿರುವ ಊರುಗಳು ವಿರಳ. ದೇಶದ ಎಲ್ಲರ ಹೆಸರೂ ಸಿಗುವುದು 1841ರ ಜೂನ್ 6ರ ಗಣತಿಯಿಂದ. ಅದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ, ಅನೇಕ ಪುಟಗಳು ಮಾಸಿವೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ನಿಯಮವಿತ್ತು. 44ರವನು 40 ಆದ, 29ರವಳು 25 ಆದಳು. ಹುಟ್ಟೂರಿನ ಹೆಸರನ್ನು ಕೇಳಲಿಲ್ಲ, ಇದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ವಿಭಾಗ) ಹುಟ್ಟಿದ್ದೋ ಇಲ್ಲವೋ ಎಂದಷ್ಟೇ ಕೇಳಿದರು. ಒಂದೇ ಮನೆಯಲ್ಲಿರುವವರ ನಡುವಿನ ಸಂಬಂಧವನ್ನೂ ಬರೆಯಲಿಲ್ಲ. ನಲವತ್ತರ ಗಂಡಸು, ನಲವತ್ತರ ಹೆಂಗಸು, ಹದಿನೈದರ ಹುಡುಗ ಒಂದೇ ಸೂರಿನಡಿ ಇದ್ದರೆ ನಮ್ಮ ಕಣ್ಣು ತಾನಾಗಿಯೇ ಅಪ್ಪ, ಅಮ್ಮ, ಮಗ ಎಂದು ಓದಿಕೊಳ್ಳುತ್ತದೆ. ಅವರು ಅಣ್ಣ, ತಂಗಿ ಮತ್ತು ಸೋದರಳಿಯ ಆಗಿರಬಹುದು.

1851ರ ಮಾರ್ಚ್ 30ರ ಗಣತಿಯಿಂದ ಚಿತ್ರ ಬದಲಾಗುತ್ತದೆ. ಮನೆಯ ಯಜಮಾನನಿಗೆ ಏನಾಗಬೇಕು, ಮದುವೆಯಾಗಿದೆಯೇ, ಸರಿಯಾದ ವಯಸ್ಸೆಷ್ಟು, ಕಸುಬೇನು, ಹುಟ್ಟಿದ ಕೌಂಟಿ ಮತ್ತು ಪ್ಯಾರಿಷ್ ಯಾವುದು ಎಂಬುದೆಲ್ಲ ಬಂತು. ಆ ಕೊನೆಯ ಕಲಮೇ ಚಿನ್ನ. ಚರ್ಚಿನ ಬಾಗಿಲಿಗೆ ನಿಮ್ಮನ್ನು ಕರೆದೊಯ್ಯುವ ವಿಳಾಸ ಅಲ್ಲಿದೆ. ಆದರೆ ಒಂದೇ ವರ್ಷದ ಉತ್ತರವನ್ನು ನಂಬಿ ಕೂರಬಾರದು. 1851ರಲ್ಲಿ ಒಂದು ಊರು ಹೇಳಿದವನು 1871ರಲ್ಲಿ ಪಕ್ಕದ ಊರು ಹೇಳುತ್ತಾನೆ, 1881ರಲ್ಲಿ ಈಗ ವಾಸವಿರುವ ಊರನ್ನೇ ಹೇಳುತ್ತಾನೆ. ಹತ್ತು ವರ್ಷ ಕಳೆದರೂ ವಯಸ್ಸು ಏಳೇ ಏರಿರುತ್ತದೆ. ಸಿಕ್ಕಿದ ಗಣತಿಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿ. ವ್ಯಕ್ತಿ ಚಿಕ್ಕವನಾಗಿ ತಂದೆತಾಯಿಯ ಜೊತೆಗಿದ್ದ ವರ್ಷದ ಉತ್ತರಕ್ಕೆ ಹೆಚ್ಚು ತೂಕ ಕೊಡಿ, ಏಕೆಂದರೆ ಹೆತ್ತವರಿಗೆ ಮಗು ಎಲ್ಲಿ ಹುಟ್ಟಿತೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಸಂಬಂಧಗಳ ವಿಷಯದಲ್ಲೂ ಎಚ್ಚರ ಬೇಕು. 19ನೇ ಶತಮಾನದ ಇಂಗ್ಲಿಷಿನಲ್ಲಿ ಸೊಸೆ ಎಂಬ ಅರ್ಥದ ಪದವನ್ನೇ ಮಲಮಗಳಿಗೂ ಬಳಸುತ್ತಿದ್ದರು. ಮನೆಯಲ್ಲಿ ಮದುವೆಯಾದ ಮಗನೇ ಇಲ್ಲದೆ ಎಂಟು ವರ್ಷದ ಸೊಸೆ ಇದ್ದರೆ, ಹೆಂಡತಿಗೆ ಇದು ಎರಡನೆಯ ಮದುವೆ ಎಂದು ತಿಳಿಯಿರಿ. ಇನ್ನೊಂದು ವಿಷಯ: 1841ರಿಂದ 1901ರವರೆಗೆ ನಾವು ನೋಡುವುದು ಗಣತಿದಾರನ ಪ್ರತಿಯನ್ನು. ಮನೆಮನೆಯ ಹಾಳೆಗಳಿಂದ ಅವನು ಪುಸ್ತಕಕ್ಕೆ ನಕಲು ಮಾಡಿಕೊಂಡ, ಮೂಲ ಹಾಳೆಗಳು ಉಳಿಯಲಿಲ್ಲ. ಕಾರ್ನ್‌ವಾಲ್‌ನ ಉಚ್ಚಾರ ಅವನ ಕಿವಿಗೆ ಹೇಗೆ ಬಿತ್ತೋ ಹಾಗೆ ಹೆಸರು. ಅದಕ್ಕೆ ಕುಲನಾಮ ಸಿಗದಿದ್ದರೆ ಅದನ್ನು ಬಿಟ್ಟು, ತಂದೆ, ತಾಯಿ, ಮಕ್ಕಳ ಮೊದಲ ಹೆಸರುಗಳನ್ನೂ ಊರನ್ನೂ ಹಾಕಿ ಹುಡುಕುವುದು ಒಳ್ಳೆಯದು.

1911ರದ್ದು ಬೇರೆಯೇ. ಆ ವರ್ಷದಿಂದ ಮನೆಯವರೇ ತುಂಬಿದ ಹಾಳೆ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂದು ವಿವಾಹಿತ ಹೆಂಗಸರಿಗೆ ಕೇಳಿದ್ದರು. ವಿಧವೆಯರು ಉತ್ತರಿಸಬೇಕಾಗಿರಲಿಲ್ಲ. ಆದರೂ ಅನೇಕರು ಬರೆದರು, ಅಧಿಕಾರಿಗಳು ಅದನ್ನು ಹೊಡೆದು ಹಾಕಿದರು, ಗೀಟಿನ ಅಡಿಯಲ್ಲಿ ಅಂಕಿ ಇಂದಿಗೂ ಓದಲು ಬರುತ್ತದೆ. ವಿಲಿಯಂನ ಹೆಂಡತಿ ಕ್ಯಾಂಬೋರ್ನ್‌ನಲ್ಲಿ ಕುಳಿತು ತುಂಬಿದ ಹಾಳೆಯಲ್ಲಿ ಹುಟ್ಟಿದವರು ಮೂವರು, ಉಳಿದವನು ಒಬ್ಬ ಎಂದಿದೆ. ಆ ಒಬ್ಬ, ಗೆಳತಿಯ ಅಜ್ಜ, ಆ ಹೊತ್ತಿಗಾಗಲೇ ಅಪ್ಪ ಸತ್ತ ಊರಿಗೇ ಕೆಲಸಕ್ಕೆ ಬಂದಿದ್ದ. ಉಳಿದಿಬ್ಬರು ಮಕ್ಕಳ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ ಎಂದಳು ಗೆಳತಿ. ಈ ಒಂದು ಸಾಲಿಗಾಗಿಯೇ ನಾನು 1911ನ್ನು ಎಲ್ಲ ಗಣತಿಗಳಿಗಿಂತ ಮೇಲೆ ಇಡುತ್ತೇನೆ.

ಗಣತಿಯಲ್ಲಿ ಇಲ್ಲದವರೂ ಒಂದು ಸುದ್ದಿ ಹೇಳುತ್ತಾರೆ. 1891ರ ಪುಟದಲ್ಲಿ ವಿಲಿಯಂ ಇಲ್ಲ. ಹೆಂಡತಿಯೇ ಮನೆಯ ಯಜಮಾನಿ, ಆದರೆ ವಿಧವೆಯಲ್ಲ, ವಿವಾಹಿತೆ. ಅಕ್ಕಪಕ್ಕದ ಮನೆಗಳಲ್ಲೂ ಹಾಗೆಯೇ. 1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಗಂಡಸರು ದೂರದೇಶಗಳ ಗಣಿಗಳಿಗೆ ಹೋದ ಊರುಗಳ ಬೀದಿಗಳು ಗಣತಿಯಲ್ಲಿ ಹೀಗೇ ಕಾಣುತ್ತವೆ.

ಮುಂದಿನ ಕಾಲದ ಬಗ್ಗೆ ಎರಡೇ ಮಾತು. 1921ರ ಗಣತಿ 2022ರ ಜನವರಿಯಲ್ಲಿ ಬಿಡುಗಡೆಯಾಗಿದೆ. 1931ರದ್ದು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು, ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಆ ಅಂತರವನ್ನು ತುಂಬಲು ಇರುವುದು 1939ರ ಸೆಪ್ಟೆಂಬರ್ 29ರಂದು ಮಾಡಿದ ರಾಷ್ಟ್ರೀಯ ನೋಂದಣಿ ಒಂದೇ.

ಸೇತುವೆ: ನೋಂದಣಿ ಪ್ರಮಾಣಪತ್ರ

ದುಡ್ಡು ಕೊಟ್ಟು ತರಿಸುವ ಪ್ರಮಾಣಪತ್ರಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಜನನ ಪತ್ರದಲ್ಲಿ ತಾಯಿಯ ತವರಿನ ಕುಲನಾಮ ಸಿಗುತ್ತದೆ. ತಾಯಿಯ ಕಡೆಯ ಬೇರು ಹುಡುಕಲು ಇದಕ್ಕೆ ಸಮನಾದುದಿಲ್ಲ. ಮರಣ ಪತ್ರದಲ್ಲಿ ರೋಗದ ಹೆಸರಿರುತ್ತದೆ, ಸುದ್ದಿ ಕೊಟ್ಟವರ ಹೆಸರಿರುತ್ತದೆ, ಆದರೆ ಸತ್ತವನ ತಂದೆತಾಯಿಯ ಹೆಸರಿರುವುದಿಲ್ಲ. ವಂಶ ಹುಡುಕುವವರು ಅದನ್ನು ಕೊನೆಗೆ ತರಿಸಿದರೆ ಸಾಕು.

ವಿವಾಹ ಪತ್ರಕ್ಕೆ ಹಣ ತೆರುವ ಮುನ್ನ ಸ್ವಲ್ಪ ನಿಲ್ಲಿ. 1837ರ ಜುಲೈ ನಂತರ ಚರ್ಚಿನಲ್ಲಿ ಮದುವೆಯಾದವರ ವಿವರವನ್ನು ಪ್ಯಾರಿಷ್ ರಿಜಿಸ್ಟರಿನಲ್ಲೂ ಅದೇ ನಮೂನೆಯಲ್ಲಿ ಬರೆಯುತ್ತಿದ್ದರು: ಗಂಡುಹೆಣ್ಣಿನ ವಯಸ್ಸು, ಕಸುಬು, ವಾಸ, ಇಬ್ಬರ ತಂದೆಯ ಹೆಸರು ಮತ್ತು ಕಸುಬು, ಸಾಕ್ಷಿಗಳು. ರಿಜಿಸ್ಟರಿನ ಚಿತ್ರ ಆನ್‌ಲೈನಿನಲ್ಲಿ ಇದ್ದರೆ ಪ್ರಮಾಣಪತ್ರ ಬೇಕಾಗಿಯೇ ಇಲ್ಲ. ಅಷ್ಟೇ ಅಲ್ಲ, ಅಲ್ಲಿ ಅವರ ಸ್ವಂತ ಸಹಿಯನ್ನೋ, ಬರೆಯಲು ಬಾರದವರು ಹಾಕಿದ ಕತ್ತರಿ ಗುರುತನ್ನೋ ಕಾಣಬಹುದು. ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಗುಮಾಸ್ತನ ಕೈಬರಹವೇ ಇರುತ್ತದೆ. ತಾಯಂದಿರ ಹೆಸರು ಇಂಗ್ಲೆಂಡಿನ ವಿವಾಹ ದಾಖಲೆಗೆ ಸೇರಿದ್ದು 2021ರ ಮೇ ತಿಂಗಳಿನಿಂದ. ನೂರೆಂಬತ್ತಕ್ಕೂ ಹೆಚ್ಚು ವರ್ಷ ಆ ಕಲಮು ಇರಲೇ ಇಲ್ಲ ಎಂಬುದು ಪ್ರತಿ ಸಲ ಹೊಸ ಮದುವೆಯ ಸಾಲು ಓದುವಾಗಲೂ ನನ್ನನ್ನು ನೋಯಿಸುತ್ತದೆ.

ನೋಂದಣಿಯ ಮೊದಲ ವರ್ಷಗಳಲ್ಲಿ ಕೆಲವು ಜನನಗಳು ತಪ್ಪಿಹೋಗಿವೆ. ಮಗುವಿನ ಜನನವನ್ನು ತಾವೇ ಹೋಗಿ ತಿಳಿಸುವ ಹೊಣೆ ಹೆತ್ತವರ ಮೇಲೆ ದಂಡದ ಭಯದೊಂದಿಗೆ ಬಿದ್ದದ್ದು 1875ರಿಂದ. ಅದಕ್ಕೂ ಮೊದಲು ಹುಟ್ಟಿದವರು ನೋಂದಣಿಯ ಸೂಚಿಯಲ್ಲಿ, ಅಂದರೆ ಹೆಸರುಗಳ ಪಟ್ಟಿಯಲ್ಲಿ, ಸಿಗದಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಟ ನೋಡಬೇಕು. ಸೂಚಿ ಮೂರು ತಿಂಗಳಿಗೊಂದು ಭಾಗ. ಡಿಸೆಂಬರಿನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮೊದಲ ಭಾಗದಲ್ಲಿರಬಹುದು. ಕ್ಯಾಂಬೋರ್ನ್‌ನಲ್ಲಿ ಹುಟ್ಟಿದವನು ರೆಡ್‌ರೂತ್ ನೋಂದಣಿ ಜಿಲ್ಲೆಯ ಹೆಸರಿನಲ್ಲಿ ಸಿಗುತ್ತಾನೆ ಎಂಬುದನ್ನೂ ನೆನಪಿಡಬೇಕು.

ಚರ್ಚಿನ ಪುಸ್ತಕ

ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳ ಪುಸ್ತಕ ಇಡಬೇಕೆಂದು ಆಜ್ಞೆ ಹೊರಡಿಸಿದ. ಎಲ್ಲ ಊರಿನ ಪುಸ್ತಕಗಳೂ ಅಷ್ಟು ಹಿಂದಿನಿಂದ ಉಳಿದಿಲ್ಲ. ಇಲಿ, ನೀರು, ಬೆಂಕಿ, ಅಲಕ್ಷ್ಯ ಎಲ್ಲವೂ ತಮ್ಮ ಪಾಲು ತೆಗೆದುಕೊಂಡಿವೆ. 1640 ಮತ್ತು 1650ರ ದಶಕಗಳಲ್ಲಿ ಅಂತರ್ಯುದ್ಧ ಹಾಗೂ ಅದರ ನಂತರದ ಆಳ್ವಿಕೆಯಿಂದಾಗಿ ಅನೇಕ ಕಡೆ ಪುಟಗಳೇ ಖಾಲಿ. ಆದರೆ 16ನೇ ಶತಮಾನದ ಕೊನೆಯಿಂದ ಪ್ರತಿ ವರ್ಷ ಒಂದು ನಕಲು ಬಿಷಪ್‌ಗೆ ಹೋಗಬೇಕಿತ್ತು. ಮೂಲ ನಾಶವಾದ ಊರಿನಲ್ಲಿ ಆ ನಕಲು ಕೈಹಿಡಿಯುತ್ತದೆ. ಮೂಲ ಇದ್ದಾಗಲೂ ಎರಡನ್ನೂ ಹೋಲಿಸಿ ನೋಡುವವರಿಗೆ ಲಾಭವಿದೆ, ಒಂದರಲ್ಲಿ ಬಿಟ್ಟುಹೋದ ತಾಯಿಯ ಹೆಸರು ಇನ್ನೊಂದರಲ್ಲಿ ಸಿಗುವುದುಂಟು.

ಎಷ್ಟು ಹಿಂದೆ ಹೋದರೆ ಅಷ್ಟು ಕಡಿಮೆ ವಿವರ. 1813ರ ಜನವರಿಯಿಂದ ಅಚ್ಚು ನಮೂನೆ ಬಂದು, ದೀಕ್ಷಾಸ್ನಾನದಲ್ಲಿ ತಂದೆಯ ಕಸುಬು ಮತ್ತು ವಾಸ, ಸಮಾಧಿಯಲ್ಲಿ ವಯಸ್ಸು ಮತ್ತು ವಾಸ ದೊರೆಯುತ್ತವೆ. 1754ರ ಮಾರ್ಚ್ 25ರಿಂದ ಮದುವೆಗೆ ಬೇರೆ ಪುಸ್ತಕ, ಸಹಿ, ಸಾಕ್ಷಿ ಕಡ್ಡಾಯವಾದವು. ಕ್ವೇಕರರು ಎಂಬ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದೆಲ್ಲರೂ ಯಾವ ಪಂಥಕ್ಕೆ ಸೇರಿದ್ದರೂ 1837ರವರೆಗೆ ಪ್ಯಾರಿಷ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಹೀಗಾಗಿ ಈ ಎಂಬತ್ತು ವರ್ಷಗಳ ಮದುವೆಯ ಪುಟಗಳು ಬಹಳ ನಂಬಿಕೆಗೆ ಅರ್ಹ. 1733ಕ್ಕಿಂತ ಹಿಂದೆ ಲ್ಯಾಟಿನ್ ಎದುರಾಗಬಹುದು. ಗುಲಿಯೆಲ್ಮಸ್ ಎಂದರೆ ವಿಲಿಯಂ, ಯಾಕೋಬಸ್ ಎಂದರೆ ಜೇಮ್ಸ್. 1752ಕ್ಕಿಂತ ಹಿಂದೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. 1720ರ ಏಪ್ರಿಲಿನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮಗು ಎಂದು ಓದಿ ಮುಖ ಸಿಂಡರಿಸಬೇಡಿ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721.

ಅದೃಷ್ಟ ಊರಿನ ಮೇಲೂ ನಿಂತಿದೆ. ಯಾರ್ಕ್‌ಷೈರಿನ ಕೆಲವು ಪ್ಯಾರಿಷ್‌ಗಳಲ್ಲಿ ವಿಲಿಯಂ ಡೇಡ್ ಎಂಬ ಪಾದ್ರಿ ರೂಪಿಸಿದ ಪದ್ಧತಿಯಂತೆ 1770ರ ದಶಕದಿಂದ 1812ರವರೆಗೆ ಮಗುವಿನ ಅಜ್ಜ ಅಜ್ಜಿಯರ ಹೆಸರನ್ನೂ ಬರೆದಿದ್ದಾರೆ. ನಿಮ್ಮ ಕುಟುಂಬ ಅಲ್ಲಿಯದಾಗಿದ್ದರೆ ಚರ್ಚಿನ ಪುಸ್ತಕವೇ ಗಣತಿಯನ್ನು ಮೀರಿಸುತ್ತದೆ. ಕಾರ್ನ್‌ವಾಲ್‌ನಲ್ಲಿ ಅಂಥ ಭಾಗ್ಯವಿಲ್ಲ. ಇಂಥವನ ಮಗ ಇಂಥವನು ಎಂಬ ಒಂದು ಸಾಲು, ಮುಗಿಯಿತು.

ಮೂವರು ವಿಲಿಯಂ

ನಾನು ಎಡವಿದ ಜಾಗ ಇದು. ಗೋರಿಯ ವಿಲಿಯಂ 1856ರ ಸುಮಾರಿಗೆ ಹುಟ್ಟಿದವನು. 1861ರ ಗಣತಿಯಲ್ಲಿ ಐದು ವರ್ಷದ ಹುಡುಗ, ತಂದೆ ಜೇಮ್ಸ್. ಜೇಮ್ಸ್‌ನ 1849ರ ಮದುವೆಯ ಸಾಲಿನಲ್ಲಿ ಅವನ ತಂದೆಯೂ ವಿಲಿಯಂ, ಗಣಿ ಕೆಲಸಗಾರ. ಆ ಹಿರಿಯ ವಿಲಿಯಂ 1851ರ ಗಣತಿಯಲ್ಲಿ 52 ವರ್ಷದವನು, ಹುಟ್ಟಿದ್ದು ಗ್ವೆನಪ್ ಪ್ಯಾರಿಷ್. ಅಂದರೆ 1799ರ ಆಸುಪಾಸು. ತಾತನ ಹೆಸರು ಮೊಮ್ಮಗನಿಗೆ ಬರುವುದು ನಮಗೆ ಹೊಸದೇನಲ್ಲ. ಅಲ್ಲಿಯೂ ಹಾಗೆಯೇ, ಅದಕ್ಕೇ ಒಂದೇ ಊರಿನಲ್ಲಿ ಒಂದೇ ಹೆಸರಿನವರು ತುಂಬಿರುತ್ತಾರೆ.

ಈ ಗಣತಿಗಳನ್ನು ನೋಡುವ ಮೊದಲೇ ನಾನು ಗ್ವೆನಪ್‌ನ ಪಕ್ಕದ ಪ್ಯಾರಿಷ್ ಒಂದರಲ್ಲಿ ಅದೇ ಹೆಸರಿನ ದೀಕ್ಷಾಸ್ನಾನ ಕಂಡು, ಅಲ್ಲಿಂದ ನಾಲ್ಕು ತಲೆಮಾರು ಹಿಂದಕ್ಕೆ ಹೋಗಿಬಿಟ್ಟಿದ್ದೆ. ಹುಟ್ಟೂರು ತಿಳಿದ ಮೇಲೆ ಎಲ್ಲವನ್ನೂ ಅಳಿಸಬೇಕಾಯಿತು. ಗ್ವೆನಪ್‌ನಲ್ಲಿ ಹುಡುಕಿದರೆ 1796ರಿಂದ 1801ರೊಳಗೆ ಅದೇ ಹೆಸರು, ಅದೇ ಕುಲನಾಮದ ಮೂರು ಮಕ್ಕಳು. ಈಗ ಬೇಕಾದದ್ದು ಸಮಾಧಿಯ ಪುಸ್ತಕ. ಒಂದು ಮಗು ಮರುವರ್ಷವೇ ತೀರಿಕೊಂಡಿತ್ತು, ಅದೇ ದಂಪತಿ ಮುಂದಿನ ಮಗನಿಗೆ ಮತ್ತೊಂದು ಹೆಸರಿಟ್ಟಿದ್ದರು. ಇನ್ನೊಬ್ಬ 1832ರಲ್ಲಿ ಅಲ್ಲೇ ಸಮಾಧಿಯಾಗಿದ್ದ. 1813ರ ನಂತರದ ನಮೂನೆಯಾದ್ದರಿಂದ ವಯಸ್ಸು 33 ಎಂದೂ ಇತ್ತು. 1851ರಲ್ಲಿ ಬದುಕಿದ್ದವನು ಇವನಾಗಲಾರ. ಉಳಿದವನು ಮೂರನೆಯವನು. ಹೊಂದುವ ಹೆಸರು ಸಿಕ್ಕಿತೆಂದು ಯಾರನ್ನೂ ಪೂರ್ವಜನೆಂದು ಒಪ್ಪಿಕೊಳ್ಳಬೇಡಿ. ಉಳಿದ ಹಕ್ಕುದಾರರೆಲ್ಲ ಏನಾದರು ಎಂದು ಪತ್ತೆ ಮಾಡಿದ ಮೇಲೆ ಒಪ್ಪಿಕೊಳ್ಳಿ. ಇದಕ್ಕೆ ತಾಳ್ಮೆ ಬೇಕು, ಆದರೆ ಬೇರೊಬ್ಬರ ಸತ್ತವರನ್ನು ನಮ್ಮವರೆಂದು ಕರೆಯುವ ತಪ್ಪಿನಿಂದ ಇದು ಕಾಪಾಡುತ್ತದೆ.

ಜೇಮ್ಸ್‌ನ ದೀಕ್ಷಾಸ್ನಾನ ಮಾತ್ರ ಯಾವ ಪ್ಯಾರಿಷ್ ಪುಸ್ತಕದಲ್ಲೂ ಇರಲಿಲ್ಲ. ಕಾರ್ನ್‌ವಾಲ್ ಮೆಥಡಿಸ್ಟರ ಸೀಮೆ. ಆ ಕ್ರೈಸ್ತ ಪಂಥದ ಸ್ಥಾಪಕ ಜಾನ್ ವೆಸ್ಲಿ 1762ರಿಂದ ಹಲವು ಬಾರಿ ಉಪದೇಶ ಮಾಡಿದ ಹಳ್ಳವೊಂದು ಗ್ವೆನಪ್‌ನಲ್ಲೇ ಇದೆ. ಅಲ್ಲಿನ ಗಣಿ ಕುಟುಂಬಗಳು ಮದುವೆಗೆ ಪ್ಯಾರಿಷ್ ಚರ್ಚಿಗೆ ಹೋದರೂ ಮಕ್ಕಳನ್ನು ತಮ್ಮ ಪಂಥದ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿಗೆ ಒಯ್ಯುತ್ತಿದ್ದವು. 1837ರ ನಂತರ ಇಂಥ ಪಂಥಗಳ ಪುಸ್ತಕಗಳನ್ನು ಸರ್ಕಾರ ಒಟ್ಟುಗೂಡಿಸಿತು. ಅವು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ ಆರ್‌ಜಿ 4 ಎಂಬ ಸಂಖ್ಯೆಯಡಿ ಇವೆ. ಜೇಮ್ಸ್ ಸಿಕ್ಕಿದ್ದು ಅಲ್ಲಿ. ತಂದೆತಾಯಿಯ ಮದುವೆ ಪ್ಯಾರಿಷ್‌ನಲ್ಲಿದ್ದು ಮಕ್ಕಳು ಮಾತ್ರ ಕಾಣದಿದ್ದರೆ ಮೊದಲು ಚಾಪೆಲ್ ನೆನಪಾಗಬೇಕು.

ಬೆಂಗಳೂರಿನಲ್ಲಿ ಕುಳಿತು

ಫ್ಯಾಮಿಲಿಸರ್ಚ್ ಜಾಲತಾಣ ಉಚಿತ, ಅಲ್ಲಿ ಪ್ಯಾರಿಷ್ ಸೂಚಿಗಳೂ 1881ರ ಗಣತಿಯ ಪೂರ್ಣ ಅಕ್ಷರರೂಪವೂ ಇವೆ. ಫ್ರೀಬಿಎಂಡಿ, ಫ್ರೀಸೆನ್, ಫ್ರೀರೆಜ್ ಮೂರೂ ಸ್ವಯಂಸೇವಕರ ದುಡಿಮೆ, ಕ್ರಮವಾಗಿ ನೋಂದಣಿ, ಗಣತಿ, ಚರ್ಚಿನ ಪುಸ್ತಕಗಳಿಗೆ. ಕಾರ್ನ್‌ವಾಲ್‌ಗಾದರೆ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ಸಂಗ್ರಹವೇ ನನ್ನ ಮೊದಲ ಆಯ್ಕೆ. ಹಣ ಕೊಡುವುದಿದ್ದರೆ ಆನ್ಸೆಸ್ಟ್ರಿ ಮತ್ತು ಫೈಂಡ್‌ಮೈಪಾಸ್ಟ್ ನಡುವೆ ಆಯ್ಕೆ. 1841ರಿಂದ 1911ರವರೆಗಿನ ಗಣತಿ ಎರಡರಲ್ಲೂ ಇರುವುದರಿಂದ ಅದನ್ನು ನೋಡಿ ತೀರ್ಮಾನಿಸಬೇಡಿ. ಕೌಂಟಿಯ ದಾಖಲೆ ಕಚೇರಿಗಳು ಬೇರೆ ಬೇರೆ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡಿವೆ, ಆದ್ದರಿಂದ ನಿಮಗೆ ಬೇಕಾದ ಕೌಂಟಿಯ ಪ್ಯಾರಿಷ್ ಪುಟಗಳ ಚಿತ್ರ ಎಲ್ಲಿದೆ ಎಂದು ಮೊದಲು ನೋಡಿ, ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿ. ಅಕ್ಷರರೂಪ ಓದಿ ತೃಪ್ತರಾಗದೆ ಪುಟದ ಚಿತ್ರವನ್ನು ತೆರೆಯಿರಿ. ಚಿತ್ರ ಎಲ್ಲಿಯೂ ಇಲ್ಲದಿದ್ದರೆ ಕೌಂಟಿಯ ಸಂಗ್ರಹಾಲಯಕ್ಕೇ ಬರೆಯಬೇಕು. ಕಾರ್ನ್‌ವಾಲ್‌ನದು ರೆಡ್‌ರೂತ್‌ನ ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕೆರ್ನೋ. ಇತರ ಬಳಕೆದಾರರು ಹಾಕಿರುವ ಸಿದ್ಧ ವಂಶವೃಕ್ಷಗಳನ್ನು ಸುಳಿವಿಗೆ ಮಾತ್ರ ಬಳಸಿ. ನಾನು ಅಳಿಸಿದ ಆ ತಪ್ಪು ನಾಲ್ಕು ತಲೆಮಾರುಗಳು ಅಂಥ ಆರು ವೃಕ್ಷಗಳಲ್ಲಿ ಇಂದಿಗೂ ಇವೆ.

ನಮ್ಮ ಕಡೆಯ ಕೊಂಡಿಗೆ ಬೇರೆ ಪುಸ್ತಕ ಬೇಕು. ಭಾರತದಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲನ್ನು ಪಾದ್ರಿಗಳು ಪ್ರಾಂತದ ಮೂಲಕ ಲಂಡನ್ನಿಗೆ ಕಳುಹಿಸುತ್ತಿದ್ದರು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಈ ಸಂಖ್ಯೆಗಳಡಿ ಇವೆ: ಎನ್ 1 ಬಂಗಾಳ, ಎನ್ 2 ಮದ್ರಾಸ್, ಎನ್ 3 ಬಾಂಬೆ. ಬೆಂಗಳೂರು ಮತ್ತು ಕೋಲಾರದವರನ್ನು ಮೈಸೂರಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಮದ್ರಾಸಿನ ಎನ್ 2ರಲ್ಲಿ ನೋಡಬೇಕು. ಇವುಗಳ ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ. ವಿಲಿಯಂನ ಸಮಾಧಿಯ ಸಾಲು ನಮಗೆ ಸಿಕ್ಕಿದ್ದು ಅಲ್ಲಿಯೇ, ಗೋರಿಗಲ್ಲಿನಲ್ಲಿ ಇಲ್ಲದ ಒಂದು ವಿವರದೊಂದಿಗೆ: ಸತ್ತದ್ದು ಒಂದು ದಿನ, ಮಣ್ಣು ಮಾಡಿದ್ದು ಅದೇ ಸಂಜೆ.